ಛರ್ದಿನಿಗ್ರಹ: ವಾಂತಿಯೂ ಅದರ ಔಷಧಗಳೂ

ಹೊಟ್ಟೆ ತೊಳಸುವುದು, ವಾಕರಿಕೆ, ಕಾರುವುದು ಎಂಬ ಮೂರು ಮಾತುಗಳು ಮೇಲ್ನೋಟಕ್ಕೆ ಸಮಾನಾರ್ಥಕಗಳಂತೆ ತೋರಿದರೂ ಕನ್ನಡದ ನುಡಿಗಾರರು ಅವುಗಳಲ್ಲಿ ಸೂಕ್ಷ್ಮವಾದ ಭೇದವನ್ನು ಕಂಡಿದ್ದಾರೆ. ತೊಳಸುವುದು ಒಳಗಿನ ಸಂಕಟ. ವಾಕರಿಕೆ ಏನೂ ಹೊರಬಾರದ ವ್ಯರ್ಥಪ್ರಯತ್ನ. ಕಾರುವುದು ಜಠರದಲ್ಲಿದ್ದ ಪದಾರ್ಥ ಬಲವಂತವಾಗಿ ಹೊರಬೀಳುವ ಕ್ರಿಯೆ. ಸಂಸ್ಕೃತದ ವೈದ್ಯಗ್ರಂಥಗಳು ಮೊದಲನೆಯದನ್ನು ಹೃಲ್ಲಾಸವೆಂದೂ ಕೊನೆಯದನ್ನು ಛರ್ದಿಯೆಂದೂ ಕರೆದಿವೆ. ಇಂದಿನ ವೈದ್ಯಶಾಸ್ತ್ರವೂ ಇವನ್ನು ಬೇರೆ ಬೇರೆಯಾಗಿಯೇ ಗಣಿಸುತ್ತದೆ. ಆದರೆ ನಿತ್ಯವ್ಯವಹಾರದಲ್ಲಿ ಈ ಭೇದವೆಲ್ಲ ಅಳಿಸಿಹೋಗಿ, “ಪಿತ್ತ ಕೆದರಿದೆ, ಒಂದು ಮಾತ್ರೆ ಕೊಡಿ” ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಅಂಗಡಿಯವನು ಮಾತ್ರೆ ಕೊಡುತ್ತಾನೆ, ವಾಂತಿ ನಿಲ್ಲುತ್ತದೆ, ಅದು ಏಕೆ ಬಂದಿತೆಂಬ ಪ್ರಶ್ನೆ ಮಾತ್ರ ಉಳಿದುಹೋಗುತ್ತದೆ.

ನೂರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವ ವಿದ್ಯಾರ್ಥಿನಿಲಯಗಳಲ್ಲಿ, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರಲ್ಲಿ, ಈ ಪ್ರಶ್ನೆಯ ಬಗೆಗೆ ಎಚ್ಚರವಿರುವುದು ಅತ್ಯಗತ್ಯ. ವಾಂತಿಯ ಔಷಧಗಳು ಹೇಗೆ ಕೆಲಸ ಮಾಡುತ್ತವೆ, ಯಾವುದು ಎಲ್ಲಿ ಉಪಯುಕ್ತ, ಯಾವುದರಿಂದ ಏನು ಅಪಾಯ ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ವಾಂತಿಯ ಪ್ರಯೋಜನ

ವಾಂತಿಯು ಸ್ವತಃ ರೋಗವಲ್ಲ. ದೇಹದ ಕಾವಲುಗಾರನ ಕೂಗು. ಬಾಯಿಯ ರುಚಿ ಮತ್ತು ಮೂಗಿನ ವಾಸನೆಯ ಕಾವಲನ್ನು ತಪ್ಪಿಸಿ ವಿಷಪದಾರ್ಥವು ಒಳಹೊಕ್ಕಾಗ ಅದನ್ನು ಹೊರಹಾಕಲು ಪ್ರಕೃತಿ ಮಾಡಿರುವ ಏರ್ಪಾಟು ಇದು. ಇಲಿಗೆ ವಾಂತಿ ಮಾಡುವ ಶಕ್ತಿಯಿಲ್ಲ. ಆದುದರಿಂದಲೇ ಅದು ಹೊಸ ಆಹಾರವನ್ನು ಮೊದಲು ತುಸುವೇ ತಿಂದು ನೋಡುತ್ತದೆ. ತಿಂದ ಪಾಷಾಣವನ್ನು ಕಾರಿ ಬದುಕುವ ದಾರಿ ಅದಕ್ಕಿಲ್ಲ. ಮನುಷ್ಯನಿಗೆ ಆ ದಾರಿಯುಂಟು.

ಸಾಮಾನ್ಯ ಕಲ್ಪನೆಗೆ ವಿರುದ್ಧವಾಗಿ, ವಾಂತಿಯ ಸಮಯದಲ್ಲಿ ಜಠರವು ಮುಖ್ಯ ಕರ್ತೃವಲ್ಲ. ಮೊದಲು ಬಾಯಲ್ಲಿ ನೀರೂರುತ್ತದೆ, ಮೈ ಬೆವರುತ್ತದೆ, ಮುಖ ಬಿಳಿಚುತ್ತದೆ. ಬಳಿಕ ಶ್ವಾಸದ ದ್ವಾರ ಮುಚ್ಚಿಕೊಳ್ಳುತ್ತದೆ. ವಪೆಯೂ ಹೊಟ್ಟೆಯ ಸ್ನಾಯುಗಳೂ ಒಟ್ಟಿಗೆ ಬಿಗಿದು ಜಠರವನ್ನು ಹಿಂಡುತ್ತವೆ. ಅನ್ನನಾಳದ ಬಾಯಿ ಸಡಿಲಗೊಳ್ಳುತ್ತದೆ. ಇಷ್ಟೊಂದು ಅಂಗಗಳನ್ನು ಏಕಕಾಲಕ್ಕೆ ಕ್ರಮವರಿತು ದುಡಿಸುವ ಆಜ್ಞೆ ಬರುವುದು ಮಿದುಳಿನಿಂದ.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಬಲವಂತವಾಗಿ ತಡೆಯಬಾರದ ಹದಿಮೂರು ವೇಗಗಳನ್ನು ಎಣಿಸಿದೆ. ಮೂತ್ರ, ಸೀನು, ಆಕಳಿಕೆ, ಹಸಿವು, ನಿದ್ರೆಗಳ ಜೊತೆಗೆ ಛರ್ದಿಗೂ ಅಲ್ಲಿ ಸ್ಥಾನವುಂಟು. ಆದರೆ ಅದೇ ಗ್ರಂಥದ ಅದೇ ಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ‘ಛರ್ದಿನಿಗ್ರಹಣ’ವೆಂಬ ಹೆಸರಿನಿಂದ, ವಾಂತಿಯನ್ನು ತಡೆಯುವ ಹತ್ತು ದ್ರವ್ಯಗಳ ಒಂದು ವರ್ಗವನ್ನೂ ಹೇಳಿದೆ. ನೇರಳೆ ಮತ್ತು ಮಾವಿನ ಚಿಗುರು, ಮಾದಲ, ದಾಳಿಂಬೆ, ಲಾವಂಚ, ಭತ್ತದ ಅರಳು ಮೊದಲಾದವು ಅದರಲ್ಲಿವೆ. ಒಂದೆಡೆ ತಡೆಯಬಾರದೆಂದೂ ಮತ್ತೊಂದೆಡೆ ತಡೆಯುವ ದ್ರವ್ಯ ಇದೆಂದೂ ಹೇಳಿರುವುದು ವಿರೋಧವೆಂದು ತೋರಬಹುದು. ವಿಚಾರಿಸಿ ನೋಡಿದರೆ ವಿರೋಧವಿಲ್ಲ. ದೋಷವನ್ನು ಹೊರಹಾಕುವವರೆಗೆ ವಾಂತಿ ವೇಗ. ಹೊರಹಾಕುವುದೇನೂ ಇಲ್ಲದೆ ದೇಹವನ್ನೇ ಬತ್ತಿಸತೊಡಗಿದಾಗ ಅದು ವ್ಯಾಧಿ. ಯಾವುದು ವೇಗ, ಯಾವುದು ವ್ಯಾಧಿ ಎಂಬ ವಿವೇಚನೆಯೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ನಾಲ್ಕು ಬಾಗಿಲುಗಳು

ಮಿದುಳಿನ ತಳಭಾಗದಲ್ಲಿ, ಬೆನ್ನುಹುರಿ ಸೇರುವ ಎಡೆಯಲ್ಲಿ, ಮೆಡುಲ್ಲಾ ಎಂಬ ಭಾಗವಿದೆ. ಉಸಿರಾಟ ಮತ್ತು ಹೃದಯದ ಬಡಿತಗಳನ್ನು ನಿಯಂತ್ರಿಸುವ ಆ ಎಡೆಯಲ್ಲಿಯೇ ವಾಂತಿಯ ಕೇಂದ್ರವೂ ಇದೆ. ಅದು ಒಂದೇ ಬಿಂದುವಲ್ಲ, ಪರಸ್ಪರ ಹೆಣೆದುಕೊಂಡ ನರಕೋಶಗಳ ಒಂದು ಜಾಲವೆಂಬುದು ಈಗಿನ ತಿಳಿವಳಿಕೆ. ಈ ಕೇಂದ್ರಕ್ಕೆ ನಾಲ್ಕು ಬಾಗಿಲುಗಳಿಂದ ಸುದ್ದಿ ಬರುತ್ತದೆ.

ಮೊದಲನೆಯದು ಕಿವಿಯ ಬಾಗಿಲು. ಒಳಗಿವಿಯಲ್ಲಿರುವ ಸಮತೋಲನದ ಅಂಗವು ದೇಹದ ಚಲನೆಯನ್ನು ಅಳೆಯುತ್ತದೆ. ವಾಹನದಲ್ಲಿ ಕುಳಿತು ಪುಸ್ತಕ ಓದುವವನ ಕಣ್ಣು ‘ಅಲುಗಾಟವಿಲ್ಲ’ ಎನ್ನುತ್ತದೆ, ಕಿವಿ ‘ಅಲುಗಾಟವಿದೆ’ ಎನ್ನುತ್ತದೆ. ಈ ಸಾಕ್ಷಿಗಳ ವೈರುಧ್ಯದಿಂದ ಪ್ರಯಾಣದ ವಾಂತಿ ಹುಟ್ಟುತ್ತದೆ.

ಎರಡನೆಯದು ರಕ್ತದ ಬಾಗಿಲು. ರಕ್ತದಲ್ಲಿರುವ ಅನೇಕ ಪದಾರ್ಥಗಳು ಮಿದುಳನ್ನು ಪ್ರವೇಶಿಸದಂತೆ ತಡೆಯುವ ಒಂದು ಕೋಟೆಯುಂಟು. ಆದರೆ ಮೆಡುಲ್ಲಾದ ಹಿಂಬದಿಯ ಒಂದು ಸಣ್ಣ ತಾಣ ಈ ಕೋಟೆಯ ಹೊರಗಿದೆ. ರಕ್ತದಲ್ಲಿ ವಿಷವಿದೆಯೇ ಎಂದು ಸದಾ ರುಚಿನೋಡುತ್ತಿರುವ ಈ ತಾಣದ ಮಹತ್ವವನ್ನು ೧೯೫೦ರ ದಶಕದ ಆರಂಭದಲ್ಲಿ ಅಮೆರಿಕದ ಬಾರಿಸನ್ ಮತ್ತು ವಾಂಗ್ ಎಂಬ ವಿಜ್ಞಾನಿಗಳು ವಿಶದಪಡಿಸಿದರು. ಮೂತ್ರಪಿಂಡ ಸೋತಾಗ ಸೇರುವ ಕಲ್ಮಷ, ಅಫೀಮಿನ ಜಾತಿಯ ಔಷಧಗಳು, ಗರ್ಭಾವಸ್ಥೆಯ ರಸಗಳು ಇವೆಲ್ಲ ಈ ಬಾಗಿಲನ್ನು ತಟ್ಟಬಲ್ಲವು.

ಮೂರನೆಯದು ಕರುಳಿನ ಬಾಗಿಲು. ದೇಹದಲ್ಲಿರುವ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವುದು ಕರುಳಿನ ಗೋಡೆಯಲ್ಲಿ. ಕೆಟ್ಟ ಆಹಾರದ ವಿಷ, ಸೋಂಕು ಅಥವಾ ಉಗ್ರ ಔಷಧ ತಗುಲಿದೊಡನೆ ಅಲ್ಲಿಯ ಕೋಶಗಳು ಅದನ್ನು ಹೊರಸೂಸುತ್ತವೆ. ವೇಗಸ್ ಎಂಬ ಉದ್ದನೆಯ ನರವು ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ.

ನಾಲ್ಕನೆಯದು ಮನಸ್ಸಿನ ಬಾಗಿಲು. ಹೇಸಿಗೆಯ ನೋಟ, ದುರ್ಗಂಧ, ಭಯ, ಕಹಿನೆನಪು ಇವುಗಳಿಂದಲೂ ವಾಂತಿಯಾಗುತ್ತದೆ. ಚರಕನು ಛರ್ದಿಯ ಐದು ಪ್ರಭೇದಗಳಲ್ಲಿ ಒಂದನ್ನು ಅಸಹ್ಯ ವಿಷಯಗಳ ಸಂಪರ್ಕದಿಂದ ಹುಟ್ಟುವುದೆಂದು ಪ್ರತ್ಯೇಕಿಸಿರುವುದು ಇಲ್ಲಿ ಸ್ಮರಣೀಯ.

ಒಂದೊಂದು ಬಾಗಿಲಿನಲ್ಲಿಯೂ ಸುದ್ದಿಯನ್ನು ದಾಟಿಸುವ ರಾಸಾಯನಿಕ ದೂತರು ಬೇರೆ. ಕಿವಿಯ ದಾರಿಯಲ್ಲಿ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್. ರಕ್ತದ ಬಾಗಿಲಿನಲ್ಲಿ ಮುಖ್ಯವಾಗಿ ಡೋಪಮಿನ್. ಕರುಳಿನ ಬಾಗಿಲಿನಲ್ಲಿ ಸೆರೊಟೋನಿನ್. ವಾಂತಿಯ ಔಷಧವೆಂದರೆ ಈ ದೂತರಲ್ಲಿ ಒಬ್ಬನ ಬಾಯಿ ಕಟ್ಟುವ ಪದಾರ್ಥ. ಒಂದು ಬಾಗಿಲಿನ ಔಷಧ ಮತ್ತೊಂದು ಬಾಗಿಲಿನಲ್ಲಿ ನಿಷ್ಫಲವಾಗುವುದಕ್ಕೆ ಕಾರಣ ಇದೇ.

ಕಿವಿಯ ಬಾಗಿಲಿನ ಔಷಧಗಳು

ಇವುಗಳಲ್ಲಿ ಹಳೆಯದು ಹಯೋಸಿನ್. ಉಮ್ಮತ್ತಿಯ ಜಾತಿಯ ಗಿಡಗಳಲ್ಲಿರುವ ಈ ಸತ್ತ್ವವು ಅಸಿಟೈಲ್‌ಕೋಲಿನ್ನನ್ನು ತಡೆಯುತ್ತದೆ. ೧೯೭೯ರಲ್ಲಿ ಇದನ್ನು ಕಿವಿಯ ಹಿಂದೆ ಅಂಟಿಸಿಕೊಳ್ಳುವ ಪಟ್ಟಿಯ ರೂಪದಲ್ಲಿ ಬಳಸಲು ಅಮೆರಿಕದಲ್ಲಿ ಅನುಮತಿ ದೊರೆಯಿತು. ಒಂದು ಪಟ್ಟಿ ಮೂರು ದಿನ ಕೆಲಸ ಮಾಡುತ್ತದೆ. ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ವೃದ್ಧರಲ್ಲಿ ಮೂತ್ರ ಕಟ್ಟುವುದು ಮತ್ತು ಬುದ್ಧಿ ಗೊಂದಲಕ್ಕೀಡಾಗುವುದು ಇದರ ದೋಷಗಳು. ಉಮ್ಮತ್ತಿಯ ಗುಣವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಗುಂಪು ಹಿಸ್ಟಮಿನ್ ನಿರೋಧಕಗಳದು. ಇದರ ಶೋಧದ ಕಥೆ ಸ್ವಾರಸ್ಯವಾದುದು. ೧೯೪೭ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಒಬ್ಬ ಗರ್ಭಿಣಿಗೆ ಮೈಮೇಲಿನ ಪಿತ್ತಗಂಧೆಗಾಗಿ ಡೈಮೆನ್‌ಹೈಡ್ರಿನೇಟ್ ಎಂಬ ಹೊಸ ಔಷಧವನ್ನು ಕೊಟ್ಟರು. ಟ್ರಾಮ್ ಗಾಡಿಯಲ್ಲಿ ಕುಳಿತರೆ ಸದಾ ವಾಕರಿಕೆಯಿಂದ ಬಳಲುತ್ತಿದ್ದ ಆಕೆಗೆ, ಔಷಧ ತೆಗೆದುಕೊಂಡ ದಿನ ಆ ತೊಂದರೆಯೇ ಇರಲಿಲ್ಲ. ಗೇ ಮತ್ತು ಕಾರ್ಲೈನರ್ ಎಂಬ ವೈದ್ಯರು ಈ ಸೂಚನೆಯನ್ನು ಹಿಡಿದು, ಅದೇ ವರ್ಷ ನ್ಯೂಯಾರ್ಕಿನಿಂದ ಜರ್ಮನಿಗೆ ಹೊರಟ ಸೈನಿಕರ ಹಡಗಿನಲ್ಲಿ ಔಷಧವನ್ನು ಪರೀಕ್ಷಿಸಿ, ಸಮುದ್ರಯಾನದ ವಾಂತಿಗೆ ಅದು ಗುಣಕಾರಿಯೆಂದು ತೋರಿಸಿದರು. ಗಂಧೆಗೆ ಕೊಟ್ಟ ಮದ್ದು ವಾಂತಿಗೆ ಮದ್ದಾದುದು ರೋಗಿಯ ಮಾತನ್ನು ವೈದ್ಯರು ಅಲಕ್ಷಿಸದಿದ್ದುದರ ಫಲ. ನಮ್ಮ ದೇಶದಲ್ಲಿ ಅವೋಮಿನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಪ್ರೊಮೆಥಜಿನ್ ಸಹ ಇದೇ ಗುಂಪಿನದು.

ಇವನ್ನು ಪ್ರಯಾಣಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚಿತವಾಗಿ ಸೇವಿಸಬೇಕು. ಚಾರ್ಮಾಡಿಯ ತಿರುವುಗಳಲ್ಲಿ ವಾಂತಿ ಆರಂಭವಾದ ಮೇಲೆ ನುಂಗಿಸಿದ ಮಾತ್ರೆ ಮುಂದಿನ ತಿರುವಿನಲ್ಲಿ ಹೊರಬೀಳುತ್ತದೆ. ತೂಕಡಿಕೆ ಇವುಗಳ ಮುಖ್ಯ ದೋಷ. ವಾಹನ ನಡೆಸುವವರು ಸೇವಿಸಲೇಬಾರದು. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಶಿಶುಗಳಲ್ಲಿ ಉಸಿರಾಟವನ್ನೇ ಕುಂದಿಸಬಹುದೆಂದು ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು ೨೦೦೪ರಲ್ಲಿ ಕಟ್ಟೆಚ್ಚರವನ್ನು ವಿಧಿಸಿತು. ವಾಹನದ ಮುಂಭಾಗದಲ್ಲಿ ಕುಳಿತು ದೂರದ ದಿಗಂತವನ್ನು ನೋಡುವುದು, ಓದದಿರುವುದು, ಹೊಟ್ಟೆಬಿರಿಯ ಉಣ್ಣದಿರುವುದು, ಕಿಟಕಿಯ ಗಾಳಿ ಇವುಗಳಿಗೆ ದೋಷವೂ ಇಲ್ಲ, ಬೆಲೆಯೂ ಇಲ್ಲ.

ರಕ್ತದ ಬಾಗಿಲಿನ ಔಷಧಗಳು

ಡೋಪಮಿನ್ನನ್ನು ತಡೆಯುವ ಔಷಧಗಳು ಈ ವರ್ಗದವು. ೧೯೫೦ರಲ್ಲಿ ಫ್ರಾನ್ಸಿನಲ್ಲಿ ತಯಾರಾದ ಕ್ಲೋರ್‌ಪ್ರೊಮಜಿನ್ ಮನೋರೋಗಗಳ ಚಿಕಿತ್ಸೆಯನ್ನೇ ಬದಲಾಯಿಸಿತಲ್ಲದೆ ವಾಂತಿಯನ್ನೂ ತಡೆಯಿತು. ಅದರ ಕುಲದ ಪ್ರೊಕ್ಲೋರ್‌ಪೆರಜಿನ್ ಈಗಲೂ ತಲೆಸುತ್ತು, ವಾಂತಿಗಳಿಗೆ ಬಳಕೆಯಲ್ಲಿದೆ. ೧೯೬೪ರಲ್ಲಿ ಫ್ರಾನ್ಸಿನವರೇ ಪ್ರಕಟಿಸಿದ ಮೆಟೊಕ್ಲೋಪ್ರಮೈಡ್ ವಾಂತಿಯನ್ನು ತಡೆಯುವುದರ ಜೊತೆಗೆ ಜಠರದಲ್ಲಿರುವುದನ್ನು ಬೇಗ ಕೆಳಕ್ಕೆ ಸಾಗಿಸುತ್ತದೆ. ಅರೆತಲೆನೋವಿನ ವಾಂತಿಗೆ, ಶಸ್ತ್ರಚಿಕಿತ್ಸೆಯ ಬಳಿಕದ ವಾಂತಿಗೆ ಅದು ಉಪಯುಕ್ತ.

ಆದರೆ ಡೋಪಮಿನ್ ವಾಂತಿಯ ದೂತ ಮಾತ್ರವಲ್ಲ. ಕೈಕಾಲುಗಳ ಚಲನೆಯ ಸೂತ್ರವೂ ಅದರ ಕೈಯಲ್ಲಿದೆ. ಆದ್ದರಿಂದ ಈ ಔಷಧಗಳನ್ನು ಪಡೆದ ಕೆಲವರಲ್ಲಿ, ವಿಶೇಷವಾಗಿ ಮಕ್ಕಳಲ್ಲಿ ಮತ್ತು ತರುಣಿಯರಲ್ಲಿ, ಕತ್ತು ಒಂದೆಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿ, ದವಡೆ ಬಿಗಿದು, ನಾಲಗೆ ಹೊರಚಾಚುವುದುಂಟು. ನೋಡಿದವರು ಗಾಳಿ ಸೋಕಿತೆಂದೋ ಅಪಸ್ಮಾರವೆಂದೋ ಅಂಜುತ್ತಾರೆ. ಇದು ಅವೆರಡೂ ಅಲ್ಲ, ಮಾತ್ರೆಯ ಪರಿಣಾಮ. ಯಾವ ಔಷಧ ಕೊಟ್ಟಿತ್ತೆಂದು ತಿಳಿಸಿದರೆ ವೈದ್ಯರು ಒಂದು ಚುಚ್ಚುಮದ್ದಿನಿಂದ ಅದನ್ನು ಬೇಗನೆ ಪರಿಹರಿಸಬಲ್ಲರು. ಕೊಟ್ಟ ಮಾತ್ರೆಯ ಹೆಸರನ್ನು ಬರೆದಿಡಬೇಕೆನ್ನುವುದು ಈ ಕಾರಣಕ್ಕೆ. ದೀರ್ಘಕಾಲದ ಸೇವನೆಯಿಂದ ಮುಖದ ಅನೈಚ್ಛಿಕ ಚಲನೆ ಶಾಶ್ವತವಾಗಿ ಉಳಿಯಬಹುದೆಂದು ೨೦೦೯ರಲ್ಲಿ ಅಮೆರಿಕದಲ್ಲಿ ಎಚ್ಚರಿಕೆ ಹೊರಟಿತು. ೨೦೧೩ರಲ್ಲಿ ಯುರೋಪಿನ ಔಷಧ ಸಂಸ್ಥೆಯು ಮೆಟೊಕ್ಲೋಪ್ರಮೈಡನ್ನು ಐದು ದಿನಗಳಿಗೆ ಸೀಮಿತಗೊಳಿಸಿತು.

ಈ ದೋಷವನ್ನು ತಪ್ಪಿಸಲೆಂದು ಬಂದದ್ದು ೧೯೭೪ರಲ್ಲಿ ಬೆಲ್ಜಿಯಂ ದೇಶದಲ್ಲಿ ರೂಪುಗೊಂಡ ಡೊಂಪೆರಿಡೋನ್. ಇದು ಮಿದುಳಿನ ಕೋಟೆಯನ್ನು ಅಷ್ಟಾಗಿ ದಾಟುವುದಿಲ್ಲ. ಕೋಟೆಯ ಹೊರಗಿನ ತಾಣವನ್ನು ಮಾತ್ರ ಮುಟ್ಟುತ್ತದೆ. ಆದರೂ ಹೃದಯದ ಲಯವನ್ನು ಕೆಡಿಸಬಹುದಾದ ದೋಷ ಇದಕ್ಕುಂಟೆಂದು ೨೦೧೪ರಲ್ಲಿ ಯುರೋಪು ಇದರ ಬಳಕೆಯನ್ನು ಸಾಮಾನ್ಯವಾಗಿ ಒಂದು ವಾರಕ್ಕೆ ಮಿತಗೊಳಿಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಪರೀಕ್ಷಿಸಿದಾಗ ಪ್ರಯೋಜನವೇ ಕಾಣಲಿಲ್ಲವೆಂದು ೨೦೧೯ರಲ್ಲಿ ಬ್ರಿಟನ್ನು ಆ ವಯಸ್ಸಿನವರಿಗೆ ಇದನ್ನು ಕೊಡಬಾರದೆಂದಿತು. ನಮ್ಮಲ್ಲಿ ಎದೆಯುರಿಗೂ ಅಜೀರ್ಣಕ್ಕೂ ತಿಂಗಳುಗಟ್ಟಲೆ ನುಂಗುವ ಜೋಡಿಮಾತ್ರೆಗಳಲ್ಲಿ ಹಲವಕ್ಕೆ ಇದೇ ಬೆರೆತಿರುತ್ತದೆಂಬುದನ್ನು ಸೇವಿಸುವವರು ಅರಿಯಬೇಕು.

ಕರುಳಿನ ಬಾಗಿಲಿನ ಔಷಧಗಳು

೧೯೭೮ರಲ್ಲಿ ಸಿಸ್‌ಪ್ಲಾಟಿನ್ ಎಂಬ ಅರ್ಬುದರೋಗದ ಔಷಧ ಅಮೆರಿಕದಲ್ಲಿ ಬಳಕೆಗೆ ಬಂದಾಗ ಅದು ಗೆಡ್ಡೆಯನ್ನು ಕರಗಿಸುತ್ತಿತ್ತು. ಆದರೆ ಬಹುತೇಕ ಎಲ್ಲ ರೋಗಿಗಳೂ ಭೀಕರವಾದ ವಾಂತಿಗೆ ಗುರಿಯಾಗುತ್ತಿದ್ದರು. ಸಾವಿಗಿಂತ ಚಿಕಿತ್ಸೆಗೇ ಅಂಜಿ ಅರ್ಧದಲ್ಲಿ ಬಿಟ್ಟುಹೋಗುವವರೂ ಇದ್ದರು. ಕರುಳಿನ ಸೆರೊಟೋನಿನ್ನಿನ ಸುದ್ದಿಯನ್ನು ತಡೆಯುವ ಒಂಡಾನ್ಸೆಟ್ರಾನ್ ೧೯೯೧ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೇಲೆ ಈ ಸ್ಥಿತಿ ಬದಲಾಯಿತು. ೨೦೦೩ರಲ್ಲಿ ಬಂದ ಅಪ್ರೆಪಿಟೆಂಟ್, ‘ಪಿ ಪದಾರ್ಥ’ವೆಂಬ ಮತ್ತೊಬ್ಬ ದೂತನನ್ನು ತಡೆದು, ಎರಡನೆಯ ದಿನದ ಬಳಿಕ ಬರುವ ವಾಂತಿಯನ್ನೂ ತಗ್ಗಿಸಿತು. ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡನ್ನು ಇವುಗಳೊಡನೆ ಸೇರಿಸುವುದು ಈಗಿನ ಪದ್ಧತಿ. ಇಲ್ಲಿ ವಾಂತಿಯ ಕಾರಣ ಪೂರ್ಣವಾಗಿ ತಿಳಿದಿದೆ. ಕಾವಲುಗಾರನ ಕೂಗಿನಿಂದ ಯಾವ ಹೊಸ ಸುದ್ದಿಯೂ ಬರಬೇಕಾಗಿಲ್ಲ. ಆದ್ದರಿಂದ ನಿಗ್ರಹವೇ ಧರ್ಮ.

ಒಂಡಾನ್ಸೆಟ್ರಾನ್ ತೂಕಡಿಕೆಯನ್ನಾಗಲಿ ಕತ್ತು ತಿರುಚುವುದನ್ನಾಗಲಿ ಸಾಮಾನ್ಯವಾಗಿ ಉಂಟುಮಾಡದು. ತಲೆನೋವು, ಮಲಬದ್ಧತೆ ಇದರ ದೋಷಗಳು. ಹೆಚ್ಚಿನ ಪ್ರಮಾಣದಲ್ಲಿ ಹೃದಯದ ಲಯಕ್ಕೆ ಧಕ್ಕೆಯಾಗುವುದೆಂದು ೨೦೧೨ರಲ್ಲಿ ಅಮೆರಿಕದಲ್ಲಿ ೩೨ ಮಿಲಿಗ್ರಾಂಗಳನ್ನು ಒಮ್ಮೆಗೇ ಸಿರೆಯಲ್ಲಿ ಕೊಡುವ ಕ್ರಮವನ್ನು ಕೈಬಿಡಲಾಯಿತು. ಪ್ರಯಾಣದ ವಾಂತಿಗೆ ಇದು ಅಷ್ಟಾಗಿ ಫಲಕಾರಿಯಲ್ಲ; ಏಕೆಂದರೆ ಅದು ಕಿವಿಯ ಬಾಗಿಲಿನದು.

ಇನ್ನು ಮನಸ್ಸಿನ ಬಾಗಿಲು. ಪರೀಕ್ಷೆಯ ದಿನ ಬೆಳಿಗ್ಗೆ ವಾಕರಿಸುವ ಹುಡುಗನಿಗೆ ಬೇಕಾದುದು ಮಾತ್ರೆಗಿಂತ ಮಿಗಿಲಾಗಿ ಒಬ್ಬ ಗುರುವಿನ ಧೈರ್ಯವಚನ.

ಗರ್ಭಿಣಿಯರ ವಾಂತಿ: ಒಂದು ಕಹಿಪಾಠ

೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರಾಕಾರಕ ಔಷಧ ಮಾರಾಟಕ್ಕೆ ಬಂದಿತು. ನಿರಪಾಯಕರವೆಂದು ಪ್ರಚಾರಗೊಂಡ ಅದನ್ನು ಗರ್ಭಿಣಿಯರ ವಾಂತಿಗೂ ಕೊಡಲಾಯಿತು. ಗರ್ಭಸ್ಥ ಶಿಶುವಿನ ಮೇಲೆ ಅದರ ಪರಿಣಾಮವನ್ನು ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ. ಕೈಕಾಲುಗಳು ಬೆಳೆಯದ ಶಿಶುಗಳು ಜನಿಸತೊಡಗಿದಾಗ ಜರ್ಮನಿಯ ಲೆನ್ಸ್ ಮತ್ತು ಆಸ್ಟ್ರೇಲಿಯದ ಮ್ಯಾಕ್‌ಬ್ರೈಡ್ ಎಂಬ ವೈದ್ಯರು ಎಚ್ಚರಿಸಿದರು. ೧೯೬೧ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಔಷಧವನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಬಲಿಯಾಗಿದ್ದವೆಂದು ಅಂದಾಜು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ ಸಾಕಷ್ಟು ಪುರಾವೆಯಿಲ್ಲವೆಂದು ಅನುಮತಿಗೆ ಸಹಿಹಾಕದೆ ಅಸಂಖ್ಯ ತಾಯಂದಿರನ್ನು ಉಳಿಸಿದರು.

ಇದಕ್ಕೆ ವಿಲೋಮವಾದ ಪಾಠವೂ ಒಂದುಂಟು. ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಜೀವಸತ್ತ್ವ ಕೂಡಿದ ಮಾತ್ರೆಯನ್ನು ಗರ್ಭಿಣಿಯರಿಗಾಗಿ ಅಮೆರಿಕದಲ್ಲಿ ೧೯೫೬ರಿಂದ ಮಾರುತ್ತಿದ್ದರು. ದೋಷ ಸಿದ್ಧವಾಗದಿದ್ದರೂ ವ್ಯಾಜ್ಯಗಳ ಹೊರೆ ತಾಳಲಾರದೆ ತಯಾರಕರು ೧೯೮೩ರಲ್ಲಿ ಅದನ್ನು ನಿಲ್ಲಿಸಿದರು. ಮುಂದಿನ ಅಧ್ಯಯನಗಳಿಂದ ಅದು ನಿರಪಾಯವೆಂದು ದೃಢಪಟ್ಟು ೨೦೧೩ರಲ್ಲಿ ಮರಳಿ ಅನುಮತಿ ದೊರೆಯಿತು. ಪರೀಕ್ಷಿಸದೆ ನಂಬುವುದು ಎಷ್ಟು ತಪ್ಪೋ ಪರೀಕ್ಷಿಸದೆ ಅಂಜುವುದೂ ಅಷ್ಟೇ ತಪ್ಪು. ಸೌಮ್ಯವಾದ ಬಸುರಿನ ವಾಕರಿಕೆಗೆ ಶುಂಠಿಯಿಂದ ಸ್ವಲ್ಪ ಉಪಶಮನವುಂಟೆಂದು ಇಂದಿನ ಪರೀಕ್ಷೆಗಳೂ ಒಪ್ಪುತ್ತವೆ. ನೀರೂ ನಿಲ್ಲದಷ್ಟು ವಾಂತಿಯಾಗಿ ತೂಕ ಇಳಿಯುತ್ತಿದ್ದರೆ ಆಸ್ಪತ್ರೆಯೇ ಗತಿ.

ವಿದ್ಯಾರ್ಥಿನಿಲಯದಲ್ಲಿ ಅನುಸರಿಸತಕ್ಕ ಕ್ರಮ

ಒಂದೇ ಊಟದ ಬಳಿಕ ಮೂರು ನಾಲ್ಕು ಮಕ್ಕಳು ವಾಂತಿಮಾಡಿದರೆ ಅದು ಮೂರು ನಾಲ್ಕು ರೋಗಗಳಲ್ಲ, ಒಂದೇ ಸುದ್ದಿ. ಬೇಯಿಸಿದ ಅನ್ನವನ್ನು ಸೆಖೆಯಲ್ಲಿ ಗಂಟೆಗಟ್ಟಲೆ ಇಟ್ಟಾಗ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬೆಳೆದು ವಿಷವನ್ನು ಬಿಡುತ್ತದೆ. ಬಡಿಸುವವರ ಕೈಗಾಯದಿಂದ ಬರುವ ಸ್ಟೆಫೈಲೋಕಾಕಸ್ ಹಾಲು ಮತ್ತು ಸಿಹಿತಿನಿಸುಗಳಲ್ಲಿ ಹಾಗೆಯೇ ಮಾಡುತ್ತದೆ. ಈ ಎರಡು ವಿಷಗಳೂ ಮತ್ತೆ ಬಿಸಿಮಾಡಿದರೆ ನಾಶವಾಗುವಂಥವಲ್ಲ. ರಾತ್ರಿಯ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನವಾಗಿಸುವವರು ಇದನ್ನು ನೆನಪಿಡಬೇಕು. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ತೊಡಗುತ್ತದೆ. ಇಂಥಲ್ಲಿ ಮಕ್ಕಳಿಗೆ ಮಾತ್ರೆ ಹಂಚಿ ಸುಮ್ಮನಾದರೆ ಪಾತ್ರೆಯಲ್ಲಿ ಉಳಿದ ಅನ್ನ ಮುಂದಿನ ಪಂಕ್ತಿಗೂ ಹೋದೀತು. ಬಡಿಸುವುದನ್ನು ನಿಲ್ಲಿಸಿ, ಆಹಾರದ ಮಾದರಿಯನ್ನು ತೆಗೆದಿರಿಸಿ, ಆರೋಗ್ಯಾಧಿಕಾರಿಗಳಿಗೆ ತಿಳಿಸುವುದು ಮೊದಲ ಕೆಲಸ.

ಮಗುವಿಗೆ ಮೊದಲು ಬೇಕಾದುದು ನೀರು ಮತ್ತು ಲವಣ. ೧೯೭೧ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ಸಿರೆಗೆ ಕೊಡುವ ದ್ರಾವಣ ಮುಗಿದಾಗ, ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿದರು. ಶೇಕಡಾ ೩೦ರಷ್ಟಿದ್ದ ಮರಣಪ್ರಮಾಣ ಶೇಕಡಾ ೪ಕ್ಕಿಂತ ಕೆಳಗಿಳಿಯಿತು. ಅವರಿಗೆ ೨೦೨೩ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣವನ್ನು ಘೋಷಿಸಲಾಯಿತು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚ ಚಮಚವಾಗಿ ಕುಡಿಸಬೇಕು. ಒಟ್ಟಿಗೆ ಲೋಟ ತುಂಬ ಕುಡಿಸಿದರೆ ಹೊರಬೀಳುತ್ತದೆ. ಚಮಚದಲ್ಲಿ ಕೊಟ್ಟದ್ದು ಬಹುಪಾಲು ನಿಲ್ಲುತ್ತದೆ. ಹಾಗೂ ನಿಲ್ಲದಿದ್ದರೆ ವೈದ್ಯರು ಒಂಡಾನ್ಸೆಟ್ರಾನಿನ ಒಂದು ಮಾತ್ರೆಯನ್ನು ಕೊಟ್ಟು ಈ ನೀರು ಉಳಿಯುವಂತೆ ಮಾಡುವುದುಂಟು. ಅಲ್ಲಿ ಔಷಧ ನೀರಿಗೆ ಸಹಾಯಕವೇ ಹೊರತು ಅದರ ಬದಲಲ್ಲ.

ಕೆಲವು ಸಂದರ್ಭಗಳಲ್ಲಿ ಮಾತ್ರೆ ಕೊಟ್ಟು ಕಾಯುವಂತೆಯೇ ಇಲ್ಲ. ತಲೆಗೆ ಪೆಟ್ಟುಬಿದ್ದ ಬಳಿಕದ ವಾಂತಿ, ರಕ್ತ ಅಥವಾ ಹಸುರು ಬಣ್ಣದ ವಾಂತಿ, ಹೊಟ್ಟೆಯ ಬಲಭಾಗದ ಕೆಳಗೆ ನೋವು, ಕತ್ತು ಬಿಗಿದ ಜ್ವರ, ತೀವ್ರ ತಲೆನೋವು, ಹಾವು ಕಡಿತ, ಮೂತ್ರ ನಿಂತು ಮಗು ಮಂಕಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಆಸ್ಪತ್ರೆಗೆ ಒಯ್ಯತಕ್ಕದ್ದು. ಸೀಮೆಎಣ್ಣೆ, ಆಮ್ಲ, ಕ್ಷಾರಗಳನ್ನು ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿಮಾಡಿಸುವ ಹಳೆಯ ರೂಢಿ ಪ್ರಾಣಾಂತಿಕ; ಕಾರುವಾಗ ಅದು ಶ್ವಾಸಕೋಶವನ್ನು ಹೊಕ್ಕೀತು, ಅನ್ನನಾಳವನ್ನು ಎರಡನೆಯ ಸಲ ಸುಟ್ಟೀತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯವನ್ನೇ ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣನೂ ಒಬ್ಬ. ವ್ಯಾಧಿ, ಔಷಧಗಳ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದ ವಚನಕಾರನವನು. ವ್ಯಾಧಿಯ ಮೂಲವನ್ನರಿಯದೆ ಮದ್ದು ಕೊಡುವುದು ಆ ಕಾಯಕಕ್ಕೆ ಸಲ್ಲದು. ದಾಸೋಹದ ಮನೆಯಲ್ಲಿ ದಾನಿಗಳ ಭಕ್ತಿಯಿಂದ ಬಂದ ಅಕ್ಕಿ, ಬಾಣಸಿಗರ ಶ್ರಮದಿಂದ ಬೆಂದ ಅನ್ನ ಮಕ್ಕಳ ಮೈಗೆ ಹತ್ತಬೇಕಾದರೆ ಬಡಿಸುವ ಕೈಯ ಶುಚಿ, ನೋಡಿಕೊಳ್ಳುವ ಕಣ್ಣಿನ ಎಚ್ಚರ ಎರಡೂ ಬೇಕು. ವಿದ್ಯಾರ್ಥಿನಿಲಯದ ಔಷಧದ ಪೆಟ್ಟಿಗೆಯಲ್ಲಿ ಓಆರ್‌ಎಸ್ ಪೊಟ್ಟಣಗಳು ತುಂಬಿರಲಿ. ವಾಂತಿಯ ಮಾತ್ರೆಗಳು ವೈದ್ಯರ ಅಪ್ಪಣೆಯಿಲ್ಲದೆ ಹೊರಬರದಿರಲಿ. ಮಗು ವಾಂತಿಮಾಡಿದಾಗ ಯಾವಾಗ ಉಂಡಿತು, ಏನು ಉಂಡಿತು, ಎಲ್ಲಿ ಬಿದ್ದಿತು, ಜೊತೆಯವರು ಹೇಗಿದ್ದಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಮೊದಲು ಕೇಳುವ ಅಭ್ಯಾಸ ಪ್ರತಿಯೊಬ್ಬ ಮೇಲ್ವಿಚಾರಕನಿಗೂ ಆಗಲಿ.